ತಂತಿಯನ್ನು ಅಲಕ್ಷಿಸಬೇಡಿ

ಸ್ವಂತ ಕಾರಿಗೆ ಮೊದಲ ಸಲ ಆಂಪ್ಲಿಫೈಯರನ್ನೂ ಸಬ್‌ವೂಫರನ್ನೂ ಸ್ವಹಸ್ತದಿಂದಲೇ ಜೋಡಿಸಹೊರಟಿರುವ ಮಿತ್ರರೇ, ನಿಮ್ಮ ಉತ್ಸಾಹವು ಶ್ಲಾಘ್ಯವಾದುದೇ; ಆದರೆ ಸ್ಪೀಕರಿನ ಆಯ್ಕೆಗಾಗಿ ತಿಂಗಳುಗಟ್ಟಲೆ ವಿಚಾರಮಾಡುವವರು, ಬ್ಯಾಟರಿಯಿಂದ ಬರತಕ್ಕ ತಂತಿಯನ್ನು ಮಾತ್ರ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನೇ ತಂದು ಬಿಗಿದುಬಿಡುವುದನ್ನು ಕಂಡಾಗ ನನಗೆ ನಿಜವಾಗಿಯೂ ಆತಂಕವಾಗುತ್ತದೆ. 12 ವೋಲ್ಟಿನಿಂದ ಮೈಗೆ ಆಘಾತ ತಟ್ಟದೆಂಬುದು ದಿಟ. ಆದರೆ ಆ 12 ವೋಲ್ಟಿನಲ್ಲಿ 480 ವಾಟ್ ಸೆಳೆಯಬೇಕಾದರೆ 40 ಆಂಪಿಯರ್ ವಿದ್ಯುತ್ತು ಹರಿಯಲೇಬೇಕು. ಅಷ್ಟನ್ನು ತಾಳಲಾರದ ಸಪೂರ ತಂತಿಯು ಕಾದು, ಹೊದಿಕೆ ಕರಗಿ, ಅಗ್ನಿಗೆ ಕಾರಣವಾದೀತು.

ಆದುದರಿಂದ ಕೆಲಸಕ್ಕೆ ತೊಡಗುವ ಮುನ್ನವೇ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ. ಆಂಪ್ಲಿಫೈಯರಿನಲ್ಲಿಯೇ ಫ್ಯೂಸು ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಅದು ಕಾಯುವುದು ಯಂತ್ರವನ್ನು, ತಂತಿಯನ್ನಲ್ಲ. ತಂತಿಯನ್ನು ಕಾಯುವ ಫ್ಯೂಸು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರತಕ್ಕದ್ದು. ಎಂಜಿನ್ನಿನ ಹಿಂದಣ ಲೋಹದ ಗೋಡೆಯನ್ನು ತಂತಿಯು ದಾಟುವ ರಂಧ್ರಕ್ಕೆ ರಬ್ಬರಿನ ಬಳೆ ತೊಡಿಸಿರಿ. ಇಲ್ಲವಾದರೆ ತಗಡಿನ ಹರಿತವಾದ ಅಂಚು, ಪ್ರಯಾಣದ ಕಂಪನದಿಂದ ದಿನದಿನವೂ ಹೊದಿಕೆಯನ್ನು ಸವೆಸುತ್ತ, ಒಂದು ದಿನ ಒಳಗಣ ತಾಮ್ರವನ್ನೇ ಮುಟ್ಟುವುದು. ಅರ್ತಿಂಗ್ ತಂತಿಯನ್ನು ಬಣ್ಣದ ಮೇಲೆ ಬಿಗಿಯದೆ, ಬಣ್ಣವನ್ನು ಕೆರೆದು, ಹೊಳೆಯುವ ಲೋಹಕ್ಕೇ ಬಿಗಿಯಿರಿ. ಏರ್‌ಬ್ಯಾಗಿನ ಹಳದಿ ತಂತಿಗಳನ್ನಂತೂ ಮುಟ್ಟಲೇಬೇಡಿ. ಕಾರಿನ ಮೂಲ ತಂತಿಗಳನ್ನು ಕತ್ತರಿಸುವ ಬದಲು, ಆ ಮಾದರಿಗೆ ಹೊಂದುವ ಕಪ್ಲರನ್ನು ಕೊಂಡು ತಂದರೆ ವಾರಂಟಿಯ ವ್ಯಾಜ್ಯವೂ ತಪ್ಪೀತು.

ಇಷ್ಟಾದ ಮೇಲೂ ಮನಸ್ಸಿನಲ್ಲಿ ಸಂದೇಹವೇನಾದರೂ ಉಳಿದಿದ್ದರೆ, ಸಂಕೋಚಪಡದೆ, ಬ್ಯಾಟರಿಯನ್ನು ಮರಳಿ ಜೋಡಿಸುವುದಕ್ಕೆ ಮೊದಲು ನುರಿತ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿರಿ.