ಸೂಜಿ ಯಾರ ಕೈಯಲ್ಲಿರಬೇಕು?

ಟೈಪ್ 1 ಮಧುಮೇಹ ಇರುವ ಹದಿಹರೆಯದ ಮಕ್ಕಳ ಬಗ್ಗೆ ಪಶ್ಚಿಮ ಬೆಂಗಳೂರಿನ ಬಡಾವಣೆಗಳಿಂದ ಬಂದ ಐದು ಪತ್ರಗಳಿಗೆ ಮಧುಮೇಹ ಶಿಕ್ಷಣದ ಕೆಲಸದಲ್ಲಿರುವ ತಜ್ಞೆಯ ಉತ್ತರ. ಇನ್ಸುಲಿನ್ ಪ್ರಮಾಣವನ್ನು ಮಾತ್ರ ನಿಮ್ಮ ವೈದ್ಯರನ್ನು ಕೇಳಿಯೇ ಬದಲಿಸಿ.

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು ವರ್ಷ. ಎಂಟನೇ ವಯಸ್ಸಿನಲ್ಲಿ ಟೈಪ್ ಒನ್ ಅಂತ ಗೊತ್ತಾಯಿತು. ಈಗ ಒಂಬತ್ತನೇ ಕ್ಲಾಸು. ಸ್ಕೂಲಲ್ಲಿ ಮಧ್ಯಾಹ್ನ ಊಟಕ್ಕೆ ಮುಂಚೆ ಶುಗರ್ ನೋಡಿಕೊಂಡು ಪುಸ್ತಕದಲ್ಲಿ ಬರೆದು ತರುತ್ತಾನೆ. 110, 125, 118, ಎಲ್ಲ ಚೆನ್ನಾಗಿಯೇ ಇತ್ತು. ಹೋದ ವಾರ ಮೀಟರಿನ ಮೆಮೊರಿ ತೆಗೆದು ನೋಡಿದೆ. ಎಷ್ಟೋ ದಿನಗಳಿಂದ ಮಧ್ಯಾಹ್ನದ ಒಂದು ರೀಡಿಂಗೂ ಇಲ್ಲ! ಬೈದೆ, ಅತ್ತೆ. ಅವನು ರೂಮಿನ ಬಾಗಿಲು ಹಾಕಿಕೊಂಡ. ಇನ್ನು ಮೇಲೆ ಎಲ್ಲ ನಾನೇ ನೋಡಿಕೊಳ್ಳಬೇಕಾ?
— ಒಬ್ಬ ತಾಯಿ, ರಾಜಾಜಿನಗರ 3ನೇ ಬ್ಲಾಕ್

ಉತ್ತರ: ಬೇಡ. ಎಲ್ಲವನ್ನೂ ವಾಪಸ್ ಕಿತ್ತುಕೊಂಡರೆ ಅವನು ಇನ್ನಷ್ಟು ಜಾಣತನದಿಂದ ಮುಚ್ಚಿಡುವುದನ್ನು ಕಲಿಯುತ್ತಾನೆ. ಈ ವಯಸ್ಸಿನ ಮಕ್ಕಳ ಪುಸ್ತಕಗಳಲ್ಲಿ ಇಂಥ ಅಚ್ಚುಕಟ್ಟಾದ ಸಂಖ್ಯೆಗಳನ್ನು ನಾನು ಬಹಳ ನೋಡಿದ್ದೇನೆ. ನಿಮ್ಮ ಮಗ ಕೆಟ್ಟವನಾಗಿಲ್ಲ.

ಒಂದು ವಿಷಯ ನೆನಪು ಮಾಡಿಕೊಳ್ಳಿ. ಅವನು "260 ಇದೆ" ಅಂದ ದಿನ ಮನೆಯಲ್ಲಿ ಮೊದಲು ಬರುವ ಮಾತು ಯಾವುದು? ಹೆಚ್ಚಿನ ಮನೆಗಳಲ್ಲಿ ಅದು "ಏನು ತಿಂದೆ?" ಅಂತ. ಕೇಳುವವರಿಗೆ ಅದು ಕಾಳಜಿ, ಮಗನ ಕಿವಿಗೆ ಆರೋಪ. 260 ಆಗಲು ತಿಂದದ್ದೇ ಕಾರಣ ಆಗಬೇಕಿಲ್ಲ. ಶೀತ, ಕೆಟ್ಟ ನಿದ್ದೆ, ಪರೀಕ್ಷೆಯ ದಿಗಿಲು, ಬೆಳೆಯುವ ದೇಹದ ಹಾರ್ಮೋನು, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟಾದ ಚರ್ಮ, ಇವುಗಳಲ್ಲಿ ಯಾವುದಾದರೂ ಶುಗರ್ ಏರಿಸಬಹುದು. ಮೀಟರಿನ ಸಂಖ್ಯೆ ಮಾರ್ಕ್ಸ್ ಕಾರ್ಡ್ ಆಗಿಬಿಟ್ಟರೆ, ಕಡಿಮೆ ಅಂಕ ಬಂದ ಹುಡುಗ ಅಪ್ಪನ ಸಹಿಯನ್ನು ತಾನೇ ಹಾಕಿಕೊಳ್ಳುವ ಹಾಗೆ ಇಲ್ಲಿ ಸಂಖ್ಯೆಯನ್ನೇ ಬರೆದುಕೊಳ್ಳುತ್ತಾನೆ. ಇವತ್ತಿನಿಂದ ಮೊದಲ ಮಾತನ್ನು ಬದಲಿಸಿ ನೋಡಿ: "ನೋಡಿದೆಯಲ್ಲ, ಒಳ್ಳೇದಾಯ್ತು. ಈಗ ಏನು ಮಾಡೋಣ?" ಕಾರಣ ಹುಡುಕುವುದು ಭಾನುವಾರ ಬೆಳಿಗ್ಗೆ ಇಬ್ಬರೂ ಕೂತು ವಾರದ ರೀಡಿಂಗ್ ನೋಡುವಾಗ ಆಗಲಿ. ಊಟದ ತಟ್ಟೆಯ ಮುಂದೆ ಬೇಡ.

ಇನ್ನೊಂದು, ಅವನು ಶಾಲೆಯಲ್ಲಿ ಎಲ್ಲಿ ಚುಚ್ಚಿಕೊಳ್ಳುತ್ತಾನೆ ಅಂತ ಕೇಳಿದ್ದೀರಾ? ಶೌಚಾಲಯದಲ್ಲಿ ನಿಂತು ಚುಚ್ಚಿಕೊಳ್ಳುವ ಮಕ್ಕಳನ್ನು ನಾನು ಬಲ್ಲೆ. ಊಟದ ಬಿಡುವು ಚಿಕ್ಕದು, ಗೆಳೆಯರು ಆಗಲೇ ಡಬ್ಬಿ ಬಿಚ್ಚಿರುತ್ತಾರೆ. ಬೆರಳು ಚುಚ್ಚುವುದು ತಪ್ಪಿಹೋಗುವುದು ಅಲ್ಲೇ. ಜರ್ಮನಿಯ ಟೆನಿಸ್ ಆಟಗಾರ ಅಲೆಕ್ಸಾಂಡರ್ ಜ್ವೆರೆವ್‌ಗೆ ನಾಲ್ಕನೇ ವಯಸ್ಸಿನಿಂದ ಟೈಪ್ 1 ಇದೆ. ಒಲಿಂಪಿಕ್ ಚಿನ್ನ ಗೆದ್ದ ಮೇಲೂ ಅದನ್ನು ಹೇಳಿಕೊಂಡಿರಲಿಲ್ಲ, 2022ರಲ್ಲಿ ಬಹಿರಂಗಪಡಿಸಿದರು. 2023ರ ಫ್ರೆಂಚ್ ಓಪನ್‌ನಲ್ಲಿ, ಅಂಗಳದಲ್ಲಿ ಚುಚ್ಚಿಕೊಳ್ಳಬೇಡಿ, ಹೊರಗೆ ಹೋಗಿ ಅಂದಾಗ ಅದನ್ನು ಎಲ್ಲರ ಮುಂದೆ ಪ್ರಶ್ನಿಸಿದರು. ಈ ಕಥೆ ನಿಮ್ಮ ಮಗನಿಗೆ ಗೊತ್ತಾಗಲಿ. ಆಮೇಲೆ ಇಬ್ಬರೂ ಕ್ಲಾಸ್ ಟೀಚರ್ ಹತ್ತಿರ ಹೋಗಿ. ಮಾತು ಅವನದು, ನೀವು ಪಕ್ಕದಲ್ಲಿರಿ. ಕೂತು ಚುಚ್ಚಿಕೊಳ್ಳಲು ಒಂದು ಕುರ್ಚಿ, ಊಟಕ್ಕೆ ಐದು ನಿಮಿಷ ಮುಂಚೆ ಬಿಡುಗಡೆ, ಬ್ಯಾಗಿನಲ್ಲಿ ಗ್ಲುಕೋಸ್, ಇಷ್ಟು ಸಿಕ್ಕರೆ ಬಹಳ ಬದಲಾಗುತ್ತದೆ. ಪಿಟಿ ಮೇಷ್ಟ್ರಿಗೂ ತಿಳಿಸಿ, ಮೈದಾನದಲ್ಲಿ ಲೋ ಆದರೆ, ಅಂದರೆ ಶುಗರ್ ತೀರಾ ಇಳಿದರೆ, ಮೊದಲು ನೋಡುವವರು ಅವರೇ. ಮುಂದಿನ ವರ್ಷ ಹತ್ತನೇ ಕ್ಲಾಸು. ಟೈಪ್ 1 ಮಕ್ಕಳು ಬೋರ್ಡ್ ಪರೀಕ್ಷೆಯ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಬಹುದು ಎಂದು ಸಿಬಿಎಸ್‌ಇ 2017ರಲ್ಲೇ ಹೇಳಿದೆ. ನಿಮ್ಮದು ರಾಜ್ಯ ಪಠ್ಯಕ್ರಮವಾದರೆ ವೈದ್ಯರ ಪತ್ರ ಇಟ್ಟು ಮುಖ್ಯೋಪಾಧ್ಯಾಯರಿಗೆ ಶಾಲೆ ಶುರುವಾದ ತಿಂಗಳಲ್ಲೇ ಅರ್ಜಿ ಕೊಡಿ. ಹಾಲ್ ಟಿಕೆಟ್ ಬರುವವರೆಗೆ ಕಾಯಬೇಡಿ.

ಪ್ರಶ್ನೆ: ಮಗಳಿಗೆ ಹದಿನಾರು, ಪಿಯುಸಿ ಮೊದಲ ವರ್ಷ. ಹೈಸ್ಕೂಲು ಮುಗಿದ ಮೇಲೆ "ಇನ್ನು ನೀನು ದೊಡ್ಡವಳು, ನೀನೇ ನೋಡಿಕೋ" ಅಂತ ಪೂರ್ತಿ ಬಿಟ್ಟುಕೊಟ್ಟೆವು. ಆಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 7.4 ಇತ್ತು, ಈಗ 9.6. ನಾವು ಮಾಡಿದ್ದು ತಪ್ಪಾಯಿತೇ?
— ಒಬ್ಬ ತಂದೆ, ಬಸವೇಶ್ವರನಗರ

ಉತ್ತರ: ಬಿಟ್ಟುಕೊಡಬೇಕಾದ್ದು ನಿಜ. ಒಂದೇ ದಿನ ಅಷ್ಟನ್ನೂ ಕೊಟ್ಟದ್ದು ಅವಳಿಗೆ ಭಾರವಾಯಿತು.

ಮೊದಲು ಒಂದು ಸಮಾಧಾನದ ಮಾತು. ಈ ಏರಿಕೆಯಲ್ಲಿ ದೇಹದ ಪಾಲೂ ಇದೆ. ಹರೆಯದಲ್ಲಿ ಹರಿಯುವ ಬೆಳವಣಿಗೆಯ ಹಾರ್ಮೋನು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಚಿಕ್ಕ ಮಕ್ಕಳಿಗೆ ದಿನಕ್ಕೆ ಕಿಲೋ ತೂಕಕ್ಕೆ ಒಂದು ಯೂನಿಟ್ಟಿನೊಳಗೆ ಸಾಕಾಗುತ್ತಿದ್ದದ್ದು ಈಗ ಒಂದನ್ನು ದಾಟಿ, ಕೆಲವರಿಗೆ ಎರಡರ ಹತ್ತಿರವೂ ಬೇಕಾಗಬಹುದು. ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಮತ್ತೆ ಏರುಪೇರು. ಎಂಟನೇ ಕ್ಲಾಸಿನ ಡೋಸಿನಲ್ಲೇ ಅವಳು ಇನ್ನೂ ಇದ್ದರೆ, ಎಷ್ಟು ಶ್ರದ್ಧೆ ಇಟ್ಟರೂ 7.4 ಬರುವುದಿಲ್ಲ. ಡೋಸನ್ನು ಮರುಪರಿಶೀಲಿಸಲು ಈ ವಾರವೇ ವೈದ್ಯರನ್ನು ಕಾಣಿ.

ಬಾಸ್ಟನ್‌ನ ಜೋಸ್ಲಿನ್ ಮಧುಮೇಹ ಕೇಂದ್ರದಲ್ಲಿ ಮನಃಶಾಸ್ತ್ರಜ್ಞೆ ಬಾರ್ಬರಾ ಆಂಡರ್ಸನ್ ಹದಿಹರೆಯದ ಮಕ್ಕಳ ಕುಟುಂಬಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅಪ್ಪ ಅಮ್ಮ ದೈನಂದಿನ ಕೆಲಸದಲ್ಲಿ ಪಾಲುದಾರರಾಗಿ ಉಳಿದು, ಜಗಳವನ್ನು ಹೊರಗಿಟ್ಟ ಮನೆಗಳಲ್ಲಿ ಮಕ್ಕಳ ಶುಗರ್ ಹತೋಟಿಯಲ್ಲಿ ಉಳಿಯಿತು ಎಂಬುದು ಅವರ ಅಧ್ಯಯನಗಳ ಸಾರ. ನಮ್ಮ ಮನೆಗಳನ್ನು ನೋಡಿ ನನಗೂ ಹಾಗೇ ಅನ್ನಿಸಿದೆ. ಹದಿನಾರರ ಹುಡುಗಿಗೆ ಡೋಸ್ ಲೆಕ್ಕ ಹಾಕಲು ಬರುತ್ತದೆ. ಬೆಳಿಗ್ಗೆ ಕಾಲೇಜು, ಸಂಜೆ ಟ್ಯೂಷನ್, ರಾತ್ರಿ ಅಸೈನ್‌ಮೆಂಟು, ಇದರ ನಡುವೆ ದಿನಕ್ಕೆ ನಾಲ್ಕು ಸಲ, ವರ್ಷದ ಎಲ್ಲ ದಿನ, ಒಬ್ಬಳೇ ನೆನಪಿಟ್ಟು ಮಾಡುವುದು ಬೇರೆಯೇ ಮಾತು. ದೊಡ್ಡವರಿಗೇ ಸುಸ್ತಾಗುತ್ತದೆ.

ಹಾಗಾಗಿ ಕೆಲಸಗಳನ್ನು ಬಿಡಿಬಿಡಿಯಾಗಿ ಹಂಚಿಕೊಳ್ಳಿ. ಔಷಧದ ಅಂಗಡಿ, ಸ್ಟ್ರಿಪ್ ಮುಗಿಯುವ ಮುಂಚೆ ತರುವುದು, ವೈದ್ಯರ ಅಪಾಯಿಂಟ್‌ಮೆಂಟ್, ಇವನ್ನು ನೀವು ಇಟ್ಟುಕೊಳ್ಳಿ. ಊಟದ ಇನ್ಸುಲಿನ್ ಅವಳದು. ರಾತ್ರಿಯ ಲಾಂಗ್ ಆಕ್ಟಿಂಗ್ ಇನ್ಸುಲಿನ್ ಹಾಕಿಕೊಳ್ಳುವಾಗ ಮನೆಯವರೊಬ್ಬರು ಕಣ್ಣೆದುರು ಇರಲಿ, ಏಕೆಂದರೆ ತಪ್ಪಿದರೆ ಹೆಚ್ಚು ಅಪಾಯ ತರುವ ಡೋಸು ಅದು. ಮೂರು ತಿಂಗಳು ಹೀಗೆ ಸಾಗಿದರೆ ಇನ್ನೊಂದು ಕೆಲಸ ಅವಳ ಕೈಗೆ ಹೋಗಲಿ. ಜಾರಿದರೆ, ಜಾರಿದ ಆ ಒಂದು ಕೆಲಸ ಮಾತ್ರ ಸ್ವಲ್ಪ ದಿನ ನಿಮ್ಮ ಕೈಗೆ ಬರಲಿ. ಅದು ಶಿಕ್ಷೆಯಲ್ಲ ಎಂದು ಬಾಯಿಬಿಟ್ಟು ಹೇಳಿ. ವಾಂತಿ ಜ್ವರ ಬಂದ ದಿನ ಈ ಯಾವ ಹಂಚಿಕೆಯೂ ಇಲ್ಲ. ಅವತ್ತು ಎಲ್ಲ ನಿಮ್ಮದು. ಊಟ ಸೇರದಿದ್ದರೂ ಇನ್ಸುಲಿನ್ ನಿಲ್ಲಿಸಬಾರದು, ಕೀಟೋನ್ ನೋಡಬೇಕು, ವಾಂತಿ ನಿಲ್ಲದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ಒಂದು ಸೂಕ್ಷ್ಮ. ಇನ್ಸುಲಿನ್ ಬಿಟ್ಟರೆ ತೂಕ ಇಳಿಯುತ್ತದೆ ಎಂಬುದನ್ನು ಕೆಲವು ಹುಡುಗಿಯರು, ಹುಡುಗರೂ, ತಾವೇ ಕಂಡುಕೊಳ್ಳುತ್ತಾರೆ. ಎಚ್‌ಬಿಎ1ಸಿ ಏರುತ್ತಾ ತೂಕ ಇಳಿಯುತ್ತಿದ್ದರೆ, ಊಟದ ಹೊತ್ತಿಗೆ ಅವಳು ಒಬ್ಬಳೇ ಇರಲು ನೋಡುತ್ತಿದ್ದರೆ, ವೈದ್ಯರು ನಿಮ್ಮನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಮಾತಾಡಲಿ. ನೀವೇ ಕೇಳಿ ಆ ಅವಕಾಶ ಮಾಡಿಕೊಡಿ. ಇದು ಪ್ರಾಣಕ್ಕೆ ಬರುವ ವಿಷಯ, ಮನಸ್ಸಿನ ವೈದ್ಯರ ನೆರವೂ ಬೇಕಾಗುತ್ತದೆ.

ಪ್ರಶ್ನೆ: ಮೇಡಂ, ನನಗೆ ಹದಿನೈದು. ತೋಳಿಗೆ ಸೆನ್ಸರ್ ಹಾಕಿಸಿಕೊಂಡಿದ್ದೇನೆ. ಅಮ್ಮನ ಫೋನಿಗೂ ನನ್ನ ಶುಗರ್ ಕಾಣುತ್ತೆ. ಪಾಠ ನಡೆಯುವಾಗಲೇ ಆಫೀಸ್ ರೂಮಿಗೆ ಫೋನ್ ಮಾಡಿಸ್ತಾರೆ. ಎಲ್ಲರೂ ನನ್ನನ್ನೇ ನೋಡ್ತಾರೆ. ಸೆನ್ಸರ್ ಕಿತ್ತು ಬಿಸಾಕಬೇಕು ಅನ್ನಿಸುತ್ತೆ.
— ಒಬ್ಬ ವಿದ್ಯಾರ್ಥಿ, ಕೆಂಗೇರಿ

ಉತ್ತರ: ಕೀಳಬೇಡಪ್ಪ. ನಿನ್ನ ಸಿಟ್ಟು ನ್ಯಾಯವಾದದ್ದೇ, ಅದನ್ನು ಅಮ್ಮನ ಮುಂದೆ ಹೇಳುವ ಹಕ್ಕೂ ನಿನಗಿದೆ.

ಮೊದಲು ಅಮ್ಮನಿಗೆ ಇದನ್ನು ತೋರಿಸು: ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವದ ಗ್ಲುಕೋಸನ್ನು. ಅದು ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದಿರುತ್ತದೆ. ನೀನು ಲೋ ಆಗಿ ಗ್ಲುಕೋಸ್ ತಿಂದು ಸರಿಹೋಗುತ್ತಿರುವಾಗಲೂ ಅವರ ಫೋನಿನಲ್ಲಿ ಅಂಕಿ ಇನ್ನೂ ಇಳಿಯುತ್ತಲೇ ಇರಬಹುದು. ಮನೆಯಲ್ಲಿ ಕೂತ ಅಮ್ಮನ ಎದೆ ಹೊಡೆದುಕೊಳ್ಳುವುದು ಆ ಹತ್ತು ನಿಮಿಷದಲ್ಲೇ.

ಈಗ ಒಂದು ಒಪ್ಪಂದ ಬರೆದುಕೊಳ್ಳಿ, ಇಬ್ಬರೂ ಸಹಿ ಹಾಕಿ. ಶಾಲೆಯ ಹೊತ್ತಿನಲ್ಲಿ 70ಕ್ಕಿಂತ ಕೆಳಗಿಳಿದರೆ ನೀನೇ ಗ್ಲುಕೋಸ್ ತೆಗೆದುಕೊಳ್ಳಬೇಕು, ಟೀಚರಿಗೆ ಹೇಳಬೇಕು. ಮೂರು ಟೀ ಚಮಚ ಗ್ಲುಕೋಸ್ ಪುಡಿ ನೀರಿನಲ್ಲಿ, ಅಂದರೆ ಸುಮಾರು 15 ಗ್ರಾಂ, ಹದಿನೈದು ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಬೇಕು, ಇನ್ನೂ 70 ದಾಟಿಲ್ಲವಾದರೆ ಮತ್ತೊಮ್ಮೆ. (ಚಾಕೊಲೇಟ್, ಮೈಸೂರು ಪಾಕು ಆ ಹೊತ್ತಿಗೆ ಬೇಡ, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ.) ಇಪ್ಪತ್ತು ನಿಮಿಷವಾದರೂ ಅಂಕಿ ಮೇಲೇಳದಿದ್ದರೆ, ಅಥವಾ 54ಕ್ಕಿಂತ ಕೆಳಗೆ ಹೋದರೆ, ಅಮ್ಮ ಶಾಲೆಗೆ ಫೋನ್ ಮಾಡಲಿ, ನೀನು ಬೇಸರಿಸಬಾರದು. ಬರೀ ಹೈ ಇದ್ದರೆ ಸಂಜೆವರೆಗೆ ಫೋನ್ ಇಲ್ಲ. ಊಟದ ಬಿಡುವಿನಲ್ಲಿ ಏನು ಮಾಡಬೇಕೆಂದು ನಿನಗೆ ವೈದ್ಯರು ಬರೆದುಕೊಟ್ಟಿರುತ್ತಾರೆ, ಅದನ್ನು ಮಾಡು. ಈ ಮಾತನ್ನು ನೀನು ಒಂದು ತಿಂಗಳು ಉಳಿಸಿಕೊಂಡರೆ ಅಮ್ಮನ ಫೋನ್ ತಾನಾಗಿ ಕಡಿಮೆಯಾಗುತ್ತದೆ. ರಾತ್ರಿಯ ಅಲಾರಂ ಮಾತ್ರ ಅಮ್ಮನ ಬಳಿಯೇ ಇರಲಿ. ನೀನು ಗಾಢ ನಿದ್ದೆಯಲ್ಲಿರುವಾಗ ಯಾರಾದರೂ ಎಚ್ಚರವಾಗಬೇಕಲ್ಲ.

ಪ್ರಶ್ನೆ: ಮೊಮ್ಮಗಳಿಗೆ ಹದಿಮೂರು. ಆರು ತಿಂಗಳ ಹಿಂದೆ ಶುಗರ್ ಅಂದರು. ನಮ್ಮ ಕಡೆಯವರು ಹೇಳಿದ ನಾಟಿ ಔಷಧಿ ಕೊಟ್ಟ ಮೇಲೆ ಸೂಜಿ ಮದ್ದು ಅರ್ಧಕ್ಕರ್ಧ ಇಳಿದಿದೆ. ಪೂರ್ತಿ ನಿಲ್ಲಿಸಬಹುದಾ? ನೆಂಟರಿಗೆ ಹೇಳಬೇಡ, ಮುಂದೆ ಮದುವೆಗೆ ಕಷ್ಟ ಅಂತ ಅವಳಿಗೆ ಹೇಳಿದ್ದೇನೆ.
— ಒಬ್ಬ ಅಜ್ಜಿ, ಮಹಾಲಕ್ಷ್ಮಿ ಲೇಔಟ್

ಉತ್ತರ: ಅಮ್ಮಾ, ಒಂದು ದಿನವೂ ನಿಲ್ಲಿಸಬೇಡಿ. ಶುರುವಿನ ಚಿಕಿತ್ಸೆಯ ನಂತರ ಕೆಲವು ತಿಂಗಳು ಮೇದೋಜ್ಜೀರಕದಲ್ಲಿ ಉಳಿದ ಕೋಶಗಳು ಸ್ವಲ್ಪ ಚೇತರಿಸಿ ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ನಾಟಿ ಔಷಧಿ ಕೊಡದ ಮಕ್ಕಳಲ್ಲೂ ಹೀಗೇ ಆಗುತ್ತದೆ, ಆಮೇಲೆ ಮತ್ತೆ ಏರುತ್ತದೆ. 1922ಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್‌ಗೆ ಹದಿನಾಲ್ಕು ವರ್ಷ, ಹೆಚ್ಚುಕಡಿಮೆ ನಿಮ್ಮ ಮೊಮ್ಮಗಳ ವಯಸ್ಸು.

ಅದೇ ವರ್ಷ ಆಗಸ್ಟಿನಲ್ಲಿ ಎಲಿಜಬೆತ್ ಹ್ಯೂಸ್ ಎಂಬ ಅಮೆರಿಕದ ಹುಡುಗಿ ಅಲ್ಲಿಗೆ ಬಂದಳು. ಅಮ್ಮ ಊರಿಗೆ ಮರಳಿದರು, ಹುಡುಗಿ ದಾದಿಯೊಬ್ಬರ ಜೊತೆ ಅಲ್ಲೇ ಉಳಿದು ತಾನೇ ಚುಚ್ಚಿಕೊಳ್ಳುವುದನ್ನು ಕಲಿತಳು, ಅಮ್ಮನಿಗೆ ಕಾಗದ ಬರೆಯುತ್ತಿದ್ದಳು. ಮದುವೆಯಾಗಿ, ಮೂವರು ಮಕ್ಕಳ ತಾಯಿಯಾಗಿ, ಎಪ್ಪತ್ತು ದಾಟಿ ಬದುಕಿ 1981ರಲ್ಲಿ ತೀರಿಕೊಂಡಳು. ಆದರೆ ತನ್ನ ಕಾಯಿಲೆಯನ್ನು ಜೀವಮಾನವಿಡೀ ಜನರಿಂದ ಮುಚ್ಚಿಟ್ಟಳು. ನನಗೆ ಅದೊಂದು ನೋವಿನ ಸಂಗತಿ. ಮದುವೆ ಮನೆಯಲ್ಲಿ ನಿಮ್ಮ ಮೊಮ್ಮಗಳು ಬೆವರಿ ನಡುಗುತ್ತಾ ತಡವರಿಸಿ ಮಾತಾಡಿದರೆ ಪಕ್ಕದಲ್ಲಿರುವ ಚಿಕ್ಕಮ್ಮನಿಗೆ ಅದು ಲೋ ಎಂದು ಗೊತ್ತಿರಬೇಕು. ಗೊತ್ತಿದ್ದರೆ ಎರಡು ನಿಮಿಷದಲ್ಲಿ ಸಕ್ಕರೆ ನೀರು ಸಿಗುತ್ತದೆ. ಯಾರಿಗೆ, ಯಾವಾಗ ಹೇಳಬೇಕು ಎಂಬುದನ್ನು ಅವಳೇ ತೀರ್ಮಾನಿಸಲಿ. ನಾಚಿಕೆಯ ವಿಷಯ ಎಂಬ ಭಾವನೆ ಮಾತ್ರ ನಿಮ್ಮ ಬಾಯಿಂದ ಅವಳಿಗೆ ಬರದಿರಲಿ. ಹಬ್ಬದ ದಿನ ಹೋಳಿಗೆ ಅವಳ ಎಲೆಗೂ ಬರಲಿ. ಎಷ್ಟು ಯೂನಿಟ್ ಹೆಚ್ಚಿಗೆ ಬೇಕೆಂಬ ಲೆಕ್ಕವನ್ನು ಅವಳಿಂದಲೇ ಹೇಳಿಸಿಕೊಳ್ಳಿ.

ಪ್ರಶ್ನೆ: ಮಗನಿಗೆ ಹದಿನೆಂಟು. ಎಂಜಿನಿಯರಿಂಗ್ ಓದಲು ಮಂಗಳೂರು ಕಡೆಯ ಹಾಸ್ಟೆಲಿಗೆ ಹೊರಟಿದ್ದಾನೆ. ಒಬ್ಬನೇ ಕಳಿಸಲು ಹೆದರಿಕೆ.
— ಒಬ್ಬ ತಾಯಿ, ವಿಜಯನಗರ

ಉತ್ತರ: ಕಳಿಸಿ. ಹೊರಡುವ ಮುಂಚಿನ ಒಂದು ತಿಂಗಳು ಮನೆಯಲ್ಲೇ ಹಾಸ್ಟೆಲ್ ಇದ್ದಂತೆ ನಡೆಯಲಿ. ಔಷಧಿ ತರುವುದು, ಬಿಲ್ ಇಟ್ಟುಕೊಳ್ಳುವುದು, ವೈದ್ಯರಿಗೆ ಫೋನ್ ಮಾಡುವುದು ಎಲ್ಲ ಅವನೇ. ನೀವು ವಾರಕ್ಕೊಮ್ಮೆ ಕೇಳಿ.

ಒಂದು ಅಪಾಯ ಖಂಡಿತ ಹೇಳಿಕೊಡಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿ.ಲೀ.ಗೆ 40 ಯೂನಿಟ್, ಪೆನ್ ಕಾರ್ಟ್ರಿಜ್‌ನಲ್ಲಿ 100. ಪೆನ್ ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ 40ರ ಸಿರಿಂಜಿನಲ್ಲಿ ಎಳೆದುಕೊಂಡರೆ ಎರಡೂವರೆ ಪಟ್ಟು ಇನ್ಸುಲಿನ್ ಮೈಗೆ ಹೋಗುತ್ತದೆ. ಹಾಗಾಗಿ ಎರಡನೇ ಪೆನ್ ಜೊತೆಗಿರಲಿ. ಕರಾವಳಿಯ ಸೆಕೆಗೆ, ಫ್ರಿಜ್ ಇಲ್ಲದ ಕೋಣೆಯಲ್ಲಿ ಒದ್ದೆ ಮಣ್ಣಿನ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ತೆರೆದ ಇನ್ಸುಲಿನ್ ಹೆಚ್ಚಿನವು ನಾಲ್ಕು ವಾರಕ್ಕೆ ಮುಗಿಯಬೇಕು, ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಲಿ. ಬಸ್ಸಿನಲ್ಲಿ ಹೋಗುವಾಗ ಇನ್ಸುಲಿನ್ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿ ಬೇಡ. ಸಂಜೆ ಫುಟ್‌ಬಾಲ್ ಆಡಿದ ದಿನ ಲೋ ಬರುವುದು ನಡುರಾತ್ರಿಯಲ್ಲೂ ಇರಬಹುದು, ಮಲಗುವ ಮುಂಚೆ ಶುಗರ್ ನೋಡಿ ಬೇಕಿದ್ದರೆ ಏನಾದರೂ ತಿನ್ನಬೇಕು. ಕುಡಿತದ ಮಾತನ್ನೂ ಮುಜುಗರವಿಲ್ಲದೆ ಆಡಿ. ಮದ್ಯವನ್ನು ಕರಗಿಸುವ ಕೆಲಸದಲ್ಲಿರುವ ಪಿತ್ತಜನಕಾಂಗ ಲೋ ಆದಾಗ ಗ್ಲುಕೋಸ್ ಬಿಡುಗಡೆ ಮಾಡುವುದಿಲ್ಲ, ನೋಡುವವರಿಗೆ ಲೋ ಆದವನೂ ಕುಡಿದವನೂ ಒಂದೇ ರೀತಿ ಕಾಣುತ್ತಾರೆ. ರೂಮ್‌ಮೇಟಿಗೆ ಇದು ತಿಳಿದಿರಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಬೇಕು ಎಂಬುದೂ.

ಮಕ್ಕಳ ವೈದ್ಯರಿಂದ ದೊಡ್ಡವರ ವೈದ್ಯರಿಗೆ ಬದಲಾಗುವ ವಯಸ್ಸೂ ಇದೇ. ಈ ಹೊತ್ತಿಗೆ ಎಷ್ಟೋ ಮಕ್ಕಳು ವೈದ್ಯರ ಬಳಿಗೇ ಹೋಗದೆ ಉಳಿದುಬಿಡುತ್ತಾರೆ. ನಿಮ್ಮಲ್ಲಿ ಇಎಸ್‌ಐ ಇದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಕೂಡ ಬೆಂಗಳೂರಿನಲ್ಲೇ ಇದೆ. ರಜೆಗೆ ಬಂದಾಗಲೆಲ್ಲ ಒಂದು ಭೇಟಿ ಇಲ್ಲಿಯೇ ಆಗಲಿ, ಹಾಸ್ಟೆಲ್ ಊರಿನಲ್ಲಿ ತುರ್ತಿಗೆ ಒಬ್ಬ ವೈದ್ಯರನ್ನು ಸೇರಿದ ಮೊದಲ ವಾರವೇ ಅವನು ಹೋಗಿ ಕಂಡುಬರಲಿ. ಹಳೆಯ ರಿಪೋರ್ಟುಗಳ ಫೈಲನ್ನು ಇವತ್ತೇ ಅವನ ಬ್ಯಾಗಿಗೆ ಹಾಕಿಸಿ, ನಿಮ್ಮ ಬಳಿ ಒಂದು ಜೆರಾಕ್ಸ್ ಇರಲಿ.