ನೋವಿನ ಬೀಗ, ದೇಹದ ಕೀಲಿಕೈ

ಅಮೃತೂರಿನ ಸುತ್ತಣ ತೋಟಗಳಲ್ಲಿ ತೆಂಗಿನ ಮರವೇರುವವರ ಅಂಗೈಯೋ ಮೊಣಕಾಲೋ ತರಚಿ ರಕ್ತ ಬರುವುದುಂಟು. ಮರದ ಮೇಲಿರುವಾಗ ಅದು ಅರಿವಿಗೇ ಬಾರದು. ಕೆಳಗಿಳಿದು ನೆರಳಿನಲ್ಲಿ ಕುಳಿತ ಮೇಲೆ ಉರಿ ತೊಡಗುತ್ತದೆ. ಗಾಯವು ಮೊದಲೇ ಇದ್ದರೂ ನೋವು ತಡವಾದುದೇಕೆ? ಗಮನವು ಬೇರೆಡೆ ಇದ್ದುದು ಒಂದು ಕಾರಣ. ನೋವನ್ನು ತಗ್ಗಿಸುವ ಪದಾರ್ಥಗಳನ್ನು ನಮ್ಮ ದೇಹವೇ ತಯಾರಿಸುತ್ತದೆಂಬುದು ಇನ್ನೊಂದು. ಈ ಸಂಗತಿಯು ವಿಜ್ಞಾನಿಗಳಿಗೆ ತಿಳಿದುಬಂದುದು ಅಫೀಮಿನ ಮೂಲಕ.

ಗಸಗಸೆಯ ಕಾಯಿಯಿಂದ ಒಸರುವ ಹಾಲು ಒಣಗಿದರೆ ಅಫೀಮಾಗುತ್ತದೆ. ಅದರಿಂದ ಮಾರ್ಫೀನನ್ನು 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಬೇರ್ಪಡಿಸಿದನು. ಕೆಲವೇ ಮಿಲಿಗ್ರಾಂ ಮಾರ್ಫೀನು ತೀವ್ರವಾದ ನೋವನ್ನು ತಣಿಸಬೇಕಾದರೆ, ಅದನ್ನು ಹಿಡಿದುಕೊಳ್ಳುವ ನಿಯತ ಸ್ಥಾನಗಳು ದೇಹದಲ್ಲಿ ಇರಲೇಬೇಕು. ಈ ಸ್ಥಾನಗಳಿಗೆ ಗ್ರಾಹಕಗಳೆಂದು ಹೆಸರು.

1973ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಇವನ್ನು ಪತ್ತೆಹಚ್ಚಿದರು. ಮಾರ್ಫೀನಿನ ವಿರೋಧಿಯಾದ ನಲಾಕ್ಸೋನಿನ ಅಣುವಿಗೆ ವಿಕಿರಣಶೀಲ ಜಲಜನಕವಾದ ಟ್ರಿಟಿಯಮನ್ನು ಸೇರಿಸಿ, ಅರೆದ ಇಲಿಯ ಮಿದುಳಿನೊಡನೆ ಬೆರೆಸಿ, ಸೋಸಿ ತೊಳೆದು, ಉಳಿದ ವಿಕಿರಣವನ್ನು ಅಳೆದರು. ಲೆವಾರ್ಫನಾಲ್ ಎಂಬ ನೋವುನಿವಾರಕವನ್ನು ಜೊತೆಗೆ ಹಾಕಿದಾಗ ಅದು ನಲಾಕ್ಸೋನಿನ ಸ್ಥಾನವನ್ನು ಆಕ್ರಮಿಸಿತು. ಅದರ ಕನ್ನಡಿಬಿಂಬದಂತಿರುವ ಡೆಕ್ಸ್ಟ್ರಾರ್ಫನ್ ಹಾಗೆ ಮಾಡಲಾರದಾಯಿತು. ಎರಡರಲ್ಲಿಯೂ ಇರುವ ಪರಮಾಣುಗಳು ಅವೇ. ಆದರೆ ಎಡಗೈಯ ಚೀಲದೊಳಕ್ಕೆ ಬಲಗೈ ಸರಿಯಾಗಿ ಹೊಂದೀತೆ? ಗ್ರಾಹಕವು ಆಕಾರವನ್ನು ಗುರುತಿಸುವ ಬೀಗವೆಂಬುದು ಹೀಗೆ ಸ್ಪಷ್ಟವಾಯಿತು.

ಆದರೆ ಗಸಗಸೆಯನ್ನು ಎಂದೂ ಕಾಣದ ಪ್ರಾಣಿಯ ಮಿದುಳಿನಲ್ಲಿ ಅದರ ರಸಕ್ಕೆಂದು ಬೀಗವೇಕೆ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಜ್ ಉತ್ತರವಿತ್ತರು. ಹಂದಿಯ ಮಿದುಳಿನಿಂದ ಅವರು ಬೇರ್ಪಡಿಸಿದ ಎನ್‌ಕೆಫಾಲಿನ್‌ಗಳು ಐದೈದು ಅಮೈನೋ ಆಮ್ಲಗಳ ಪುಟ್ಟ ಸರಪಳಿಗಳು. ದೇಹದ ಸ್ವಂತ ಕೀಲಿಕೈಗಳಲ್ಲಿ ಇವು ಸೇರಿವೆ. ಮಾರ್ಫೀನು ಅದೇ ಬೀಗಕ್ಕೆ ಹೊಂದುವ ಪರಕೀಯ ಕೈ.

ಗ್ರಾಹಕವು ಜೀವಕೋಶದ ಪೊರೆಯನ್ನು ಏಳು ಸಲ ಹಾದುಹೋಗುವ ಪ್ರೋಟೀನು. ಹೊರಗೆ ಕೀಲಿ ಕೂಡಿದೊಡನೆ ಒಳಗಿನ ಜಿ-ಪ್ರೋಟೀನು ಎಚ್ಚರಗೊಳ್ಳುತ್ತದೆ. ಅದರಿಂದ ಕ್ಯಾಲ್ಸಿಯಂ ದ್ವಾರಗಳು ಮುಚ್ಚಿ, ನೋವಿನ ವಾರ್ತೆಯನ್ನೊಯ್ಯುವ ರಾಸಾಯನಿಕ ಕಡಿಮೆ ಹೊರಬೀಳುತ್ತದೆ. ಪೊಟಾಸಿಯಂ ದ್ವಾರಗಳು ತೆರೆದು ಧನ ಅಯಾನುಗಳು ಹೊರಕ್ಕೆ ಹರಿಯುವುದರಿಂದ ಕೋಶದ ಒಳಗಿನ ವಿದ್ಯುದ್ವಿಭವ ಇನ್ನೂ ಋಣವಾಗಿ, ನರಕೋಶ ಸುಲಭವಾಗಿ ಕೆರಳುವುದಿಲ್ಲ. ಗಾಯವು ಹಾಗೆಯೇ ಉಳಿದಿದ್ದರೂ ಅದರ ಸುದ್ದಿ ಮಾತ್ರ ಕ್ಷೀಣವಾಗುತ್ತದೆ.

ಇದೇ ಬೀಗಗಳು ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡದಲ್ಲಿಯೂ ಇವೆ. ಆದುದರಿಂದ ಮಿತಿಮೀರಿದ ಮಾರ್ಫೀನು ಉಸಿರನ್ನೇ ನಿಲ್ಲಿಸಬಲ್ಲುದು. ಆಗ ನಲಾಕ್ಸೋನು ಬೀಗದೊಳಗೆ ಕುಳಿತು, ತಾನು ತಿರುಗದೆ, ಮಾರ್ಫೀನಿಗೆ ಎಡೆಗೊಡದೆ ಜೀವವನ್ನುಳಿಸುತ್ತದೆ. ಬಹುದಿನದ ಬಳಕೆಯಿಂದ ದೇಹವು ಔಷಧಕ್ಕೆ ಒಗ್ಗಿಕೊಳ್ಳುವುದೂ, ಚಟ ಹುಟ್ಟಬಹುದೆಂಬುದೂ ನಿಜ.

ಇಷ್ಟನ್ನು ತಿಳಿದಿರುವುದರಿಂದೇನು ಪ್ರಯೋಜನ? ನಮ್ಮೂರುಗಳಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದ ಕ್ಯಾನ್ಸರ್ ರೋಗಿಗೆ ವೈದ್ಯರು ಮಾರ್ಫೀನನ್ನು ಬರೆದುಕೊಟ್ಟರೆ, ಅಫೀಮೆಂದು ಮನೆಯವರು ಬೆಚ್ಚಿ ಕೊಡದೆ ಇರಬಹುದು. ರೋಗಿಯು ರಾತ್ರಿಯೆಲ್ಲ ನರಳಬೇಕಾದೀತು. ಇಂತಹವರಿಗೆ ಔಷಧವು ಸುಲಭವಾಗಿ ದೊರೆಯಲೆಂದೇ ಭಾರತದ ಮಾದಕವಸ್ತು ಕಾಯಿದೆಯನ್ನು 2014ರಲ್ಲಿ ತಿದ್ದಲಾಯಿತು. ವೈದ್ಯರು ಅಳೆದುಕೊಟ್ಟ ಮಾರ್ಫೀನು ಒಂದು, ಚಟಕ್ಕಾಗಿ ಸೇವಿಸುವ ಅಫೀಮು ಇನ್ನೊಂದು. ಈ ವ್ಯತ್ಯಾಸವನ್ನು ಮನೆಯ ಹಿರಿಯರಿಗೆ ತಿಳಿಯಹೇಳುವ ಕೆಲಸವನ್ನು ವಿದ್ಯಾರ್ಥಿಗಳಲ್ಲದೆ ಮತ್ತಾರು ಮಾಡಬೇಕು?