ಕನ್ವರ್ಟರ್ ಬಿಚ್ಚುವ ಮೊದಲು

ನೋಡಪ್ಪ, ಟರ್ಬೊ ಇರುವ ಆಟೋಮ್ಯಾಟಿಕ್ ಗಾಡಿ ತಂದವರ ದೂರು ಬಹುಪಾಲು ಒಂದೇ: "ಸಿಗ್ನಲ್‌ನಲ್ಲಿ ಪಿಕಪ್ಪೇ ಇಲ್ಲ, ಆಮೇಲೆ ಇದ್ದಕ್ಕಿದ್ದಂತೆ ನುಗ್ಗುತ್ತೆ." ಇಷ್ಟು ಕೇಳಿಕೊಂಡು ಗೇರ್‌ಬಾಕ್ಸ್ ಇಳಿಸಲು ಹೊರಡಬೇಡ.

ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಕೂತ ಟಾರ್ಕ್ ಕನ್ವರ್ಟರ್‌ನಲ್ಲಿ ಕೆಲಸ ಮಾಡುವುದು ಆಯಿಲ್. ಎಂಜಿನ್ ಜೊತೆ ಸುತ್ತುವ ಪಂಪ್ ಅದನ್ನು ಎಸೆಯುತ್ತದೆ, ಆ ಹೊಡೆತಕ್ಕೆ ಎದುರಿನ ಟರ್ಬೈನ್ ತಿರುಗುತ್ತದೆ. ನಡುವಿನ ಸ್ಟೇಟರ್ ವಾಪಸು ಬರುವ ಆಯಿಲ್ ಪಂಪಿಗೆ ಅಡ್ಡ ಬರದಂತೆ ದಿಕ್ಕು ತಿರುಗಿಸುತ್ತದೆ. ನಿಂತ ಗಾಡಿ ಹೊರಡುವಾಗ ಎಂಜಿನ್ ಟಾರ್ಕ್ ಸುಮಾರು ಎರಡು ಪಟ್ಟಾಗುವುದು ಈ ಸ್ಟೇಟರ್‌ನಿಂದಲೇ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಈ ಕನ್ವರ್ಟರಿಗೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ನನಗೆ ಇಂದಿಗೂ ಇದಕ್ಕಿಂತ ಚೆಂದದ ಯಂತ್ರ ಕಂಡಿಲ್ಲ.

ಬ್ರೇಕ್ ಬಿಗಿಯಾಗಿ ಒತ್ತಿ, ಡಿ ಗೇರಿಗೆ ಹಾಕಿ, ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಂಜಿನ್ ಒಂದು ಆರ್‌ಪಿಎಂವರೆಗೆ ಏರಿ ಅಲ್ಲಿಗೇ ನಿಲ್ಲುತ್ತದೆ. ಅದು ಸ್ಟಾಲ್ ಸ್ಪೀಡ್. ಇದನ್ನು ಕನ್ವರ್ಟರ್ ಒಂದೇ ತೀರ್ಮಾನಿಸುವುದಿಲ್ಲ, ಎಂಜಿನ್ ಟಾರ್ಕ್ ಕೂಡ ಸೇರುತ್ತದೆ. 150 ನ್ಯೂಟನ್ ಮೀಟರ್ ಟಾರ್ಕಿಗೆ 2,000ದಲ್ಲಿ ನಿಲ್ಲುವ ಕನ್ವರ್ಟರ್, ಟಾರ್ಕ್ 300 ಆದರೆ ಹೆಚ್ಚುಕಡಿಮೆ 2,800ರಲ್ಲಿ ನಿಲ್ಲುತ್ತದೆ. ಟರ್ಬೊ ಗಾಡಿಯ ಕಷ್ಟ ಇಲ್ಲೇ ಇರುವುದು. ಬೂಸ್ಟ್ ಬರಲು ಆರ್‌ಪಿಎಂ ಬೇಕು, ಆರ್‌ಪಿಎಂ ಏರಲು ಟಾರ್ಕ್ ಬೇಕು, ಟಾರ್ಕಿಗೆ ಬೂಸ್ಟ್ ಬೇಕು. ಕನ್ವರ್ಟರ್ ತೀರಾ ಬಿಗಿಯಾಗಿದ್ದರೆ, ಅಂದರೆ ಸ್ಟಾಲ್ ಸ್ಪೀಡ್ ಕಡಿಮೆ ಇದ್ದರೆ, ಎಂಜಿನ್ ಆ ಸುಳಿಯಿಂದ ಏಳುವುದಕ್ಕೇ ಹೊತ್ತು ಹಿಡಿಯುತ್ತದೆ.

ಈ ಸುಳಿ ದಾಟುವ ಬಗೆಗೆ ಒಂದು ಉದಾಹರಣೆ ಕೇಳು: ಅಮೆರಿಕದ ಬ್ಯೂಯಿಕ್ ಗ್ರ್ಯಾಂಡ್ ನ್ಯಾಷನಲ್‌ನ 1987ರ ಮಾಡೆಲ್‌ನಲ್ಲಿ 3.8 ಲೀಟರ್ ಟರ್ಬೊ ವಿ6, 245 ಹಾರ್ಸ್‌ಪವರ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಅದನ್ನು ಡ್ರ್ಯಾಗ್ ರೇಸಿಗೆ ಇಳಿಸುವವರು ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ಕೊಟ್ಟು, ಬೂಸ್ಟ್ ಏರಿಸಿಕೊಂಡು ಗಾಡಿ ಬಿಡುತ್ತಾರೆ. ದೊಡ್ಡ ಟರ್ಬೊ ಕೂರಿಸಿದರೆ ಹೆಚ್ಚು ಸ್ಟಾಲ್‌ನ ಕನ್ವರ್ಟರನ್ನೂ ಹಾಕಿಸುತ್ತಾರೆ. ಅಂಥ ವಿಡಿಯೋ ನೋಡಿ ಯಾರಾದರೂ ತಮ್ಮ ಮನೆ ಗಾಡಿಗೂ ಅದೇ ಬೇಕೆಂದು ಬಂದರೆ, ಕೂರಿಸಿ ಬಿಡಿಸಿ ಹೇಳು: ಟ್ರಾಫಿಕ್‌ನಲ್ಲಿ ಅದು ಹೆಚ್ಚು ಜಾರುತ್ತದೆ, ಆಯಿಲ್ ಕಾಯುತ್ತದೆ, ಮೈಲೇಜ್ ಬೀಳುತ್ತದೆ. ದುಡ್ಡು ಬರುತ್ತದೆಂದು ಸುಮ್ಮನೆ ಒಪ್ಪಿಕೊಳ್ಳಬೇಡ.

ದೂರು ಬಂದ ಗಾಡಿಯ ಸ್ಟಾಲ್ ಸ್ಪೀಡ್ ಅಳೆಯಲು ಸ್ಟಾಲ್ ಟೆಸ್ಟ್ ಮಾಡುವಾಗ ಅವಸರ ಬೇಡ. ಮೊದಲು ಆಯಿಲ್ ಲೆವೆಲ್ ನೋಡು. ಎಂಜಿನ್ ಬಿಸಿಯಾಗಿರಲಿ, ಚಕ್ರಗಳಿಗೆ ಕಲ್ಲು ಕೊಡು, ಮುಂದೆ ಹಿಂದೆ ಯಾರೂ ನಿಲ್ಲದಿರಲಿ. ಐದು ಸೆಕೆಂಡ್ ದಾಟಿಸಬೇಡ. ಗಾಡಿ ಅಲುಗದಿರುವಾಗ ಎಂಜಿನ್‌ನ ಅಷ್ಟೂ ಶಕ್ತಿ ಆಯಿಲನ್ನೇ ಕಾಯಿಸುತ್ತಿರುತ್ತದೆ. ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಒಟ್ಟಿಗೆ ತುಳಿದರೆ ಈಗಿನ ಹಲವು ಗಾಡಿಗಳಲ್ಲಿ ಕಂಪ್ಯೂಟರೇ ಎಂಜಿನನ್ನು ತಡೆಯುತ್ತದೆ. ಅದಕ್ಕೇ ಆ ಗಾಡಿಯ ಮ್ಯಾನುಯಲ್ ಓದದೆ ಮೀಟರಿನ ಅಂಕಿ ನಂಬಬೇಡ.

ಅಂಕಿ ಮ್ಯಾನುಯಲ್‌ನಲ್ಲಿರುವುದಕ್ಕಿಂತ ಹೆಚ್ಚಿದ್ದರೆ ಗೇರ್‌ಬಾಕ್ಸಿನೊಳಗೆ ಕ್ಲಚ್ ಜಾರುತ್ತಿರಬಹುದು. ಕಡಿಮೆ ಇದ್ದರೆ ಎರಡು ಅನುಮಾನ: ಎಂಜಿನ್ ಸೊರಗಿರಬಹುದು, ಇಲ್ಲವೇ ಸ್ಟೇಟರ್‌ನ ಒನ್‌ವೇ ಕ್ಲಚ್ ಹೋಗಿರಬಹುದು. ಗಾಡಿಯನ್ನು ಹೈವೇಗೆ ಒಯ್ದು ನೋಡು. ಹೊರಡುವಾಗ ಮಾತ್ರ ಮಂಕಾಗಿ, ವೇಗ ಬಂದ ಮೇಲೆ ಸರಿಯಾಗಿ ಓಡಿದರೆ ಸ್ಟೇಟರ್ ಮೇಲೆ ಅನುಮಾನಪಡು. ಅಲ್ಲೂ ಎಳೆಯದಿದ್ದರೆ ಬೂಸ್ಟ್ ಸೋರುತ್ತಿರಬಹುದು; ಬಾನೆಟ್ ಎತ್ತಿ, ಇಂಟರ್‌ಕೂಲರ್ ಹೋಸ್‌ಗಳ ಜಾಯಿಂಟಿಗೆ ಬೆರಳು ಹಾಕಿ ಸವರು. ಆಯಿಲ್ ಪಸೆ ಅಂಟಿದ ಕಡೆ ಕ್ಲಾಂಪ್ ಸಡಿಲವಾಗಿದೆಯೇ ನೋಡಿ ಬಿಗಿಮಾಡು, ಮತ್ತೊಮ್ಮೆ ಓಡಿಸು. ಕನ್ವರ್ಟರ್ ಬಿಚ್ಚುವ ಮಾತನ್ನು ಆಮೇಲೆ ಆಡೋಣ.